ಕಿರಿಯ ಹೋಲ್ ನೆನಪಿನಲ್ಲಿ ಉಳಿಯುವುದೇಕೆ? ಲಿಂಕ್ಸ್ ಗಾಲ್ಫ್ ಅಂಗಣಗಳ ಒಂದು ಅಧ್ಯಯನ, ಹೊಸಪೇಟೆ ಭಾಗದ ಹೂಡಿಕೆದಾರರಿಗಾಗಿ

2021ರ ಅಕ್ಟೋಬರ್ 2ರಂದು ಹೊಸಪೇಟೆಯನ್ನು ಕೇಂದ್ರವಾಗಿರಿಸಿಕೊಂಡು ವಿಜಯನಗರ ಜಿಲ್ಲೆ ಉದ್ಘಾಟನೆಗೊಂಡ ಮೇಲೆ ನಮ್ಮ ಭಾಗದ ವರ್ತಕ ಬಾಂಧವರ ಮಾತುಕತೆಯಲ್ಲಿ ಪ್ರವಾಸೋದ್ಯಮದ ಪ್ರಸ್ತಾಪ ಹೆಚ್ಚಿದೆ. ಹಂಪಿ ನೋಡಲು ಬಂದವರು ಒಂದು ರಾತ್ರಿ ತಂಗಿ ಹೊರಟುಹೋಗುತ್ತಾರೆ, ಅವರನ್ನು ಎರಡನೆಯ ದಿನಕ್ಕೆ ಹಿಡಿದು ನಿಲ್ಲಿಸುವುದು ಹೇಗೆ ಎಂಬುದು ಹೋಟೆಲ್ ಉದ್ಯಮಿಗಳ ಹಳೆಯ ಚಿಂತೆ. ಈ ಚಿಂತೆಗೆ ಪರಿಹಾರವಾಗಿ ಆಗಾಗ ಕೇಳಿಬರುವ ಹೆಸರು ಗಾಲ್ಫ್ ಅಂಗಣ. ಆದರೆ ಆ ಚರ್ಚೆ ಎಷ್ಟು ಎಕರೆ ಬೇಕು, ಎಷ್ಟು ಕೋಟಿ ಬೇಕು ಎಂಬಲ್ಲಿಗೆ ನೇರವಾಗಿ ಹೋಗಿ ನಿಲ್ಲುತ್ತದೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಆಟ ಮುಗಿಸಿ ಊರಿಗೆ ಮರಳಿದವನು ಏನನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತಾನೆ? ಯಾವುದಕ್ಕಾಗಿ ಮತ್ತೆ ಬರುತ್ತಾನೆ? ಈ ಪ್ರಶ್ನೆಗೆ ಗಾಲ್ಫ್ ಹುಟ್ಟಿದ ನಾಡಿನಲ್ಲಿ ದೊರೆಯುವ ಉತ್ತರ ಲೆಕ್ಕಪತ್ರ ನೋಡುವ ನನ್ನಂಥವನಿಗೆ ವಿಶೇಷವಾಗಿ ಕಂಡಿತು. ಬಹುಮಂದಿ ಆಟಗಾರರು ನೆನೆಯುವುದು ಅತ್ಯಂತ ಉದ್ದವಾದ ಹೋಲ್‌ಗಳನ್ನಲ್ಲ, ಅತ್ಯಂತ ಚಿಕ್ಕವನ್ನು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಅಪರೂಪ.

ಆಟದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಗಾಲ್ಫ್ ಅಂಗಣವೆಂದರೆ ಸಾಮಾನ್ಯವಾಗಿ ಹದಿನೆಂಟು ಹೋಲ್‌ಗಳ ಸರಣಿ. ಪ್ರತಿಯೊಂದು ಹೋಲ್ 'ಟೀ' ಎಂಬ ಸಮತಟ್ಟು ಜಾಗದಿಂದ ಆರಂಭವಾಗಿ, ನುಣುಪಾಗಿ ಕತ್ತರಿಸಿದ ಹುಲ್ಲಿನ 'ಗ್ರೀನ್'ನಲ್ಲಿರುವ ಕುಳಿಯಲ್ಲಿ ಮುಗಿಯುತ್ತದೆ. ಉತ್ತಮ ಆಟಗಾರನೊಬ್ಬ ಒಂದು ಹೋಲ್ ಮುಗಿಸಲು ತೆಗೆದುಕೊಳ್ಳಬೇಕಾದ ಹೊಡೆತಗಳ ಸಂಖ್ಯೆಗೆ 'ಪಾರ್' ಎನ್ನುತ್ತಾರೆ. ಪಾರ್ 4 ಮತ್ತು 5 ಇರುವವು ಉದ್ದನೆಯವು. ಪಾರ್ 3 ಇರುವುದೇ ಕಿರಿಯ ಹೋಲ್. ಇಲ್ಲಿ ಒಂದೇ ಹೊಡೆತಕ್ಕೆ ಚೆಂಡು ಗ್ರೀನ್ ಸೇರಬೇಕು, ಉಳಿದೆರಡು ಹೊಡೆತ ಕುಳಿಗೆ ಉರುಳಿಸಲು.

ಇನ್ನು 'ಲಿಂಕ್ಸ್'. ಸ್ಕಾಟ್ಲೆಂಡಿನಲ್ಲಿ ಸಮುದ್ರದ ಮರಳಿಗೂ ಒಳನಾಡಿನ ಹೊಲಕ್ಕೂ ನಡುವೆ ಇರುವ ಉಬ್ಬುತಗ್ಗಿನ ಭೂಮಿಗೆ ಈ ಹೆಸರು. ಮರಳುಮಿಶ್ರಿತ ನೆಲವಾದುದರಿಂದ ಬೇಸಾಯಕ್ಕೆ ಬಾರದು. ಕುರಿ ಮೇಯಿಸಲು, ಬಲೆ ಒಣಗಿಸಲು, ಬಟ್ಟೆ ಹರವಲು ಊರವರೆಲ್ಲರೂ ಬಳಸುತ್ತಿದ್ದ ಜಾಗ, ನಮ್ಮ ಗೋಮಾಳವಿದ್ದಂತೆ. ಮರಳಿನಲ್ಲಿ ಮಳೆನೀರು ನಿಲ್ಲುವುದಿಲ್ಲ, ಹುಲ್ಲು ಗಿಡ್ಡವಾಗಿ ಬಿಗಿಯಾಗಿ ಬೆಳೆಯುತ್ತದೆ, ಕುರಿ ಅದನ್ನು ಮೇಯ್ದು ಸಮ ಮಾಡುತ್ತದೆ. ಕುರಿಗಳು ಗಾಳಿಗೆ ಮರೆಯಾಗಿ ಮಲಗಿ ಸವೆಸಿದ ಹೊಂಡಗಳೇ ಮುಂದೆ 'ಬಂಕರ್'ಗಳಾದವು ಎಂಬ ಪ್ರತೀತಿಯುಂಟು. ಅಂದರೆ ಮೊದಲ ಗಾಲ್ಫ್ ಅಂಗಣಗಳಿಗೆ ಬಂಡವಾಳವೆಂಬುದೇ ಇರಲಿಲ್ಲ. ಯಾವ ಉಪಯೋಗಕ್ಕೂ ಬಾರದ ನೆಲವೇ ಬಂಡವಾಳ. ಬುಲ್ಡೋಜರ್ ತಂದು ಗುಡ್ಡ ಕಟ್ಟಿ ಕೆರೆ ತೋಡಿ ಮಾಡುವ ಇಂದಿನ ರೆಸಾರ್ಟ್ ಅಂಗಣಗಳು ಈ ಮೂಲದಿಂದ ಬಹಳ ದೂರ ಬಂದಿವೆ.

ನಮ್ಮ ರಾಜ್ಯದಲ್ಲಿ ನಿಜವಾದ ಲಿಂಕ್ಸ್ ಇಲ್ಲ. 1876ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಲ್ಫ್ ಕ್ಲಬ್ ದೇಶದ ಅತಿ ಹಳೆಯ ಕ್ಲಬ್ಬುಗಳಲ್ಲಿ ಒಂದು. ನಗರದ ನಡುವೆ ಸುಮಾರು 60 ಎಕರೆಯಲ್ಲಿಯೇ ಅದು ಹದಿನೆಂಟು ಹೋಲ್‌ಗಳನ್ನು ಹೊಂದಿಸಿಕೊಂಡಿದೆ. ಕೋಲಾರದ ಚಿನ್ನದ ಗಣಿಯ ಕಾಲೊನಿಯಲ್ಲಿಯೂ ಬ್ರಿಟಿಷರ ಕಾಲದಲ್ಲಿ ಅಂಗಣವಾಯಿತು. ನೀರಿನ ಕೊರತೆಯಿರುವೆಡೆ ಹಸಿರು ಗ್ರೀನ್‌ಗೆ ಬದಲಾಗಿ ಎಣ್ಣೆ ಬೆರೆಸಿದ ಮರಳನ್ನು ಹರವಿ ಸಮಗೊಳಿಸಿದ 'ಬ್ರೌನ್'ಗಳ ಮೇಲೆ ಆಡುವ ಪದ್ಧತಿ ನಮ್ಮ ದೇಶದಲ್ಲಿ ಬಹುಕಾಲದಿಂದಿದೆ. ಇವನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ವಿಷಯದ ತವರಿಗೆ ಹೋಗೋಣ.

ಬ್ರೋರಾ ಎಂಬ ಊರು

ಸ್ಕಾಟ್ಲೆಂಡಿನ ಉತ್ತರ ಭಾಗದಲ್ಲಿ, ಇನ್‌ವರ್ನೆಸ್ ನಗರದಿಂದ ಸುಮಾರು 90 ಕಿಲೋಮೀಟರ್ ಆಚೆ, ಸಮುದ್ರ ತೀರದಲ್ಲಿ ಬ್ರೋರಾ ಎಂಬ ಸಣ್ಣ ಊರಿದೆ. ಹೆಸರಾಂತ ರಾಯಲ್ ಡಾರ್ನಾಕ್ ಅಂಗಣದ ನೆರಳಿನಲ್ಲಿರುವುದರಿಂದ ಹೊರಗಿನವರಿಗೆ ಅಷ್ಟಾಗಿ ತಿಳಿಯದು. ನಮ್ಮ ವಾಚಕರಿಗೆ ಆ ಊರಿನ ಚರಿತ್ರೆ ಅಪರಿಚಿತವೆನಿಸಲಾರದು. ಅಲ್ಲಿ ಕಲ್ಲಿದ್ದಲ ಗಣಿ ಇತ್ತು, ಇಟ್ಟಿಗೆ ಕಾರ್ಖಾನೆ ಇತ್ತು, ಉಣ್ಣೆಯ ಗಿರಣಿ ಇತ್ತು. ಉತ್ತರ ಸೀಮೆಯಲ್ಲಿ ಎಲ್ಲರಿಗಿಂತ ಮುಂಚೆ ವಿದ್ಯುದ್ದೀಪ ಕಂಡ ಊರೆಂಬ ಹೆಮ್ಮೆಯೂ ಇತ್ತು. 1974ರಲ್ಲಿ ಗಣಿ ಮುಚ್ಚಿತು. ಮುಂದೆ ಉಣ್ಣೆಯ ಗಿರಣಿಯೂ ಬಾಗಿಲು ಹಾಕಿತು. ಹೊರಗಿನಿಂದ ಹಣ ತರಲು ಉಳಿದ ಕೆಲವೇ ಆಸರೆಗಳಲ್ಲಿ 1891ರಲ್ಲಿ ಸ್ಥಾಪನೆಯಾದ ಗಾಲ್ಫ್ ಕ್ಲಬ್ಬೂ ಒಂದು. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ಸ್ಥಗಿತಗೊಂಡಾಗ ಸಂಡೂರು ಹೊಸಪೇಟೆಗಳ ಲಾರಿ ಮಾಲೀಕರು, ಟೈರ್ ವ್ಯಾಪಾರಿಗಳು, ಡಾಬಾದವರು ಅನುಭವಿಸಿದ್ದನ್ನು ಬಲ್ಲವರಿಗೆ ಇದರ ಅರ್ಥವನ್ನು ವಿವರಿಸಬೇಕಿಲ್ಲ.

ಈ ಅಂಗಣವನ್ನು ಈಗಿನ ರೂಪಕ್ಕೆ ತಂದವರು ಜೇಮ್ಸ್ ಬ್ರೇಡ್. 1901ರಿಂದ 1910ರ ಅವಧಿಯಲ್ಲಿ ಐದು ಬಾರಿ ಓಪನ್ ಚಾಂಪಿಯನ್ ಆದ ಆಟಗಾರ. 1920ರ ದಶಕದ ಮೊದಲ ಭಾಗದಲ್ಲಿ ಇಲ್ಲಿನ ನೆಲವನ್ನು ನಡೆದು ನೋಡಿ ಅವರು ಮಾಡಿದ ವಿನ್ಯಾಸದಲ್ಲಿ ಕಿರಿಯ ಹೋಲ್‌ಗಳು ನಾಲ್ಕೇ: ಆರನೆಯದು, ಒಂಬತ್ತನೆಯದು, ಹದಿಮೂರನೆಯದು, ಹದಿನೆಂಟನೆಯದು. ಬ್ರೋರಾ ಕಂಡವರು ಹೇಳುವ ಮಾತು ಬಹುಮಟ್ಟಿಗೆ ಈ ನಾಲ್ಕರ ಸುತ್ತಲೇ ಸುಳಿಯುತ್ತದೆ.

ಕಾರಣವೇನು? ಮೊದಲನೆಯದು ದಿಕ್ಕು. ಈ ನಾಲ್ಕೂ ಹೋಲ್‌ಗಳು ದಿಕ್ಸೂಚಿಯ ನಾಲ್ಕು ಬೇರೆ ಬೇರೆ ಕಡೆಗೆ ಮುಖ ಮಾಡಿವೆ. ತೀರಪ್ರದೇಶದಲ್ಲಿ ಗಾಳಿ ಒಮ್ಮೆ ಬೀಸಲಾರಂಭಿಸಿತೆಂದರೆ ಇಡೀ ದಿನ ಒಂದೇ ಕಡೆಯಿಂದ ಬೀಸಬಹುದು. ಆಗ ಒಂದು ಹೋಲ್‌ನಲ್ಲಿ ಗಾಳಿ ಎದುರಿಗೆ, ಇನ್ನೊಂದರಲ್ಲಿ ಬೆನ್ನಿಗೆ, ಉಳಿದೆರಡರಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ. ದೂರದ ಅಳತೆ ಕಾಗದದ ಮೇಲೆ ಇದ್ದಂತೆಯೇ ಇದ್ದರೂ ನಿನ್ನೆ ಹೊಡೆದ ಕೋಲಿನಿಂದ ಇಂದು ಹೊಡೆಯಲಾಗದು. ನಾಲ್ಕೇ ಹೋಲ್ ಕಟ್ಟಿ ನಾಲ್ಕು ಹತ್ತು ಬಗೆಯ ಆಟ ಪಡೆದಂತಾಯಿತು. ಇದಕ್ಕೆ ತಗುಲಿದ ಹೆಚ್ಚುವರಿ ವೆಚ್ಚ ಸೊನ್ನೆ. ನೆಲದ ಮೇಲೆ ಎಲ್ಲಿ ನಿಂತು ಯಾವ ಕಡೆ ನೋಡಬೇಕೆಂಬ ನಿರ್ಧಾರವಷ್ಟೇ.

ಎರಡನೆಯದು ನೆಲದ ಸ್ವಭಾವ. ಹದಿಮೂರನೆಯ ಹೋಲ್ ಕೇವಲ 125 ಗಜದಷ್ಟು, ಎಂದರೆ 115 ಮೀಟರಿಗೂ ಕಡಿಮೆ. ಟೀ ಮತ್ತು ಗ್ರೀನ್‌ಗಳ ನಡುವೆ ಪುಟ್ಟ ತೊರೆಯೊಂದು ಹೊರಳಿ ಹೊರಳಿ ಹರಿಯುತ್ತದೆ. ಹೋಲ್‌ನ ಹೆಸರೇ 'ಹಾವು'. ತೊರೆಯನ್ನು ಯಾರೂ ತೋಡಿಸಿದ್ದಲ್ಲ. ಒಂಬತ್ತನೆಯದರ ಗ್ರೀನ್ ಕಡಲ ಅಂಚಿನಲ್ಲಿದೆ, ಅದರ ಹೆಸರು 'ಕಡಲ ಹೋಲ್'. ಆರನೆಯದಕ್ಕೆ 'ಮಾಟಗಾತಿ' ಎಂದು ಹೆಸರು.

ಮೂರನೆಯದು ಸ್ಥಾನ. ಬಹುತೇಕ ಅಂಗಣಗಳು ಉದ್ದನೆಯ ಹೋಲ್‌ನಿಂದ ಮುಕ್ತಾಯವಾಗುತ್ತವೆ. ಬ್ರೋರಾದ ಕೊನೆಯದು ಮಾತ್ರ ಕಿರಿಯದು, ಸುಮಾರು 200 ಗಜ. ಕ್ಲಬ್ ಕಟ್ಟಡದ ಎದುರಿಗೇ ಗ್ರೀನ್. ಕಿಟಕಿಯಲ್ಲಿ ಕುಳಿತವರೆಲ್ಲ ನೋಡುತ್ತಿರುವಾಗ ಒಂದೇ ಒಂದು ಹೊಡೆತ. ಕೊನೆಗೆ ಬರುವುದು ಹೆಚ್ಚು ನೆನಪಿನಲ್ಲಿರುತ್ತದೆ ಎಂಬುದನ್ನು ಊಟದ ಕೊನೆಯಲ್ಲಿ ಬಾಳೆಹಣ್ಣು ಇಡುವ ನಮ್ಮ ಖಾನಾವಳಿಯವರೂ ಬಲ್ಲರು.

ಈ ಅಂಗಣದಲ್ಲಿ ದಶಕಗಳ ಕಾಲ ಕುರಿ ದನಗಳು ಮೇಯುತ್ತಿದ್ದವು. ಅವು ಗ್ರೀನ್ ತುಳಿಯದಂತೆ ಸುತ್ತಲೂ ಸಣ್ಣ ವಿದ್ಯುತ್ ತಂತಿ ಕಟ್ಟುವುದು ಅಲ್ಲಿನ ರೂಢಿಯಾಗಿತ್ತು. ಆಟಗಾರರಲ್ಲಿ ಕೆಲವರು ಇದನ್ನು ಹಳಿದರು, ಹಲವರು ಇದನ್ನೇ ನೋಡಲು ಬಂದರು.

ಒಂದೇ ಹೊಡೆತದ ಗಣಿತ

ಕಿರಿಯ ಹೋಲ್‌ಗೆ ಉದ್ದನೆಯದಕ್ಕೆ ಇಲ್ಲದ ಒಂದು ಅನುಕೂಲವಿದೆ. ಉದ್ದನೆಯ ಹೋಲ್‌ನಲ್ಲಿ ಎರಡನೆಯ ಹೊಡೆತವನ್ನು ಒಬ್ಬೊಬ್ಬರು ಒಂದೊಂದು ಜಾಗದಿಂದ ಹೊಡೆಯುತ್ತಾರೆ. ವಿನ್ಯಾಸಕಾರ ಅದನ್ನು ನಿಯಂತ್ರಿಸಲಾರ. ಕಿರಿಯದರಲ್ಲಿ ಗ್ರೀನ್ ಕಡೆಗಿನ ಹೊಡೆತವನ್ನು ಎಲ್ಲರೂ ಒಂದೇ ಜಾಗದಿಂದ, ಒಂದೇ ಸ್ಥಿತಿಯಲ್ಲಿ ಹೊಡೆಯುತ್ತಾರೆ. ಆದುದರಿಂದ ಲೋಪಕ್ಕೆ ನೆಪ ಹೇಳುವಂತಿಲ್ಲ. ಬಲಶಾಲಿ ಯುವಕನಿಗೂ ಅರವತ್ತು ದಾಟಿದ ಹಿರಿಯರಿಗೂ ಗುರಿ ಸಮಾನ. ಇಬ್ಬರೂ ಒಂದೇ ಅನುಭವವನ್ನು ಹಂಚಿಕೊಂಡು ಮಾತನಾಡಬಲ್ಲರು. ನೆನಪು ಉಳಿಯಲು ಮಾತು ಬೇಕು.

ಇದಕ್ಕೆ ಪ್ರಸಿದ್ಧ ನಿದರ್ಶನ ರಾಯಲ್ ಟ್ರೂನ್ ಅಂಗಣದ ಎಂಟನೆಯ ಹೋಲ್. ಅಂಗಣವೇನೋ ಹೆಸರಾಂತದ್ದೇ, ಆದರೆ ಹೋಲ್‌ನ ಉದ್ದ 123 ಗಜ ಮಾತ್ರ. ಗ್ರೀನ್ ಎಷ್ಟು ಚಿಕ್ಕದೆಂದರೆ 'ಅಂಚೆಚೀಟಿ' ಎಂಬ ಹೆಸರೇ ನಿಂತಿತು. ಸುತ್ತಲೂ ಆಳವಾದ ಬಂಕರ್‌ಗಳು. 1950ರ ಓಪನ್ ಪಂದ್ಯಾವಳಿಯಲ್ಲಿ ಜರ್ಮನಿಯ ಹವ್ಯಾಸಿ ಆಟಗಾರ ಹರ್ಮನ್ ಟಿಸ್ಸೀಸ್ ಈ ಒಂದು ಹೋಲ್ ಮುಗಿಸಲು ಹದಿನೈದು ಹೊಡೆತ ತೆಗೆದುಕೊಂಡರು. 1973ರಲ್ಲಿ ಜೀನ್ ಸಾರಜೆನ್ ತಮ್ಮ 71ನೆಯ ವಯಸ್ಸಿನಲ್ಲಿ ಅದೇ ಹೋಲ್ ಅನ್ನು ಒಂದೇ ಹೊಡೆತದಲ್ಲಿ ಮುಗಿಸಿದರು. ಮರುದಿನ ಚೆಂಡು ಬಂಕರ್‌ಗೆ ಬಿದ್ದರೂ ಅಲ್ಲಿಂದಲೇ ಕುಳಿಗೆ ಹೊಡೆದು ಎರಡರಲ್ಲಿ ಮುಗಿಸಿದರು. ಸರಾಸರಿ ತೆಗೆದು ನೋಡುವ ಲೆಕ್ಕಿಗನಿಗೆ ಇದು ಮೂರರ ಆಸುಪಾಸಿನ ಸಾಮಾನ್ಯ ಹೋಲ್. ಆದರೆ ಒಂದಕ್ಕೂ ಹದಿನೈದಕ್ಕೂ ಇರುವ ಅಂತರ ಸರಾಸರಿಯಲ್ಲಿ ಕಾಣಿಸುವುದಿಲ್ಲ. ಜನ ಸರಾಸರಿಯನ್ನು ನೆನಪಿಡುವುದಿಲ್ಲ, ಅಂತರವನ್ನು ನೆನಪಿಡುತ್ತಾರೆ.

ಹಾಗೆಂದು ಬರಿಯ ಶಿಕ್ಷೆಯೇ ಸ್ಮರಣೀಯವೆಂದು ತಿಳಿಯಬಾರದು. ನಾರ್ತ್ ಬೆರಿಕ್ ಅಂಗಣದ ಹದಿನೈದನೆಯ ಹೋಲ್ 'ರೆಡಾನ್' ಸುಮಾರು 190 ಗಜ ಇದೆ. ಕ್ರಿಮಿಯಾ ಯುದ್ಧದಲ್ಲಿ ಸೆವಾಸ್ತೊಪೋಲಿನ ಕೋಟೆಕೊತ್ತಲವೊಂದಕ್ಕಿದ್ದ ಹೆಸರು ಇದು. ಗ್ರೀನ್ ಆಟಗಾರನಿಗೆ ಓರೆಯಾಗಿ ನಿಂತು ಎಡಹಿಂಬದಿಗೆ ಇಳಿಯುತ್ತದೆ. ಕುಳಿಗೆ ನೇರ ಗುರಿಯಿಟ್ಟರೆ ಬಂಕರ್ ಕಾದಿದೆ. ಜಾಣ ಆಟಗಾರ ಬಲಬದಿಯ ಏರಿನಲ್ಲಿ ಚೆಂಡು ಬೀಳಿಸಿ, ಇಳಿಜಾರು ಅದನ್ನು ತಾನಾಗಿ ಕುಳಿಯತ್ತ ಒಯ್ಯುವಂತೆ ಮಾಡುತ್ತಾನೆ. ಧೈರ್ಯಸ್ಥನಿಗೊಂದು ದಾರಿ, ತಾಳ್ಮೆಯುಳ್ಳವನಿಗೊಂದು ದಾರಿ. 1911ರಲ್ಲಿ ಅಮೆರಿಕದ ನ್ಯಾಷನಲ್ ಗಾಲ್ಫ್ ಲಿಂಕ್ಸ್ ಅಂಗಣದಲ್ಲಿ ಸಿ. ಬಿ. ಮ್ಯಾಕ್‌ಡೊನಾಲ್ಡ್ ಇದೇ ರಚನೆಯನ್ನು ಅನುಸರಿಸಿದ ಮೇಲೆ ಜಗತ್ತಿನಾದ್ಯಂತ ಇದರ ನಕಲುಗಳು ಹುಟ್ಟಿಕೊಂಡವು. ಐರ್ಲೆಂಡಿನ ಲಾಹಿಂಚ್ ಅಂಗಣದ 'ಡೆಲ್' ಹೋಲ್‌ನದು ಇನ್ನೂ ವಿಚಿತ್ರ. ಸುಮಾರು 154 ಗಜ. ಎದುರಿಗೆ ಮರಳುದಿಬ್ಬ, ಅದರ ಹಿಂದೆ ಮರೆಯಾಗಿ ಗ್ರೀನ್. ಕುಳಿ ಆ ದಿನ ಯಾವ ನೇರಕ್ಕಿದೆ ಎಂಬುದನ್ನು ದಿಬ್ಬದ ಮೇಲೆ ಬಿಳಿ ಬಣ್ಣ ಬಳಿದ ಕಲ್ಲೊಂದನ್ನು ಸರಿಸಿಟ್ಟು ತೋರಿಸುತ್ತಾರೆ. ಅಷ್ಟೇ ಸೂಚನೆ. 1920ರ ದಶಕದ ಕೊನೆಯಲ್ಲಿ ಅಲಿಸ್ಟರ್ ಮೆಕೆಂಜಿ ಈ ಅಂಗಣವನ್ನು ಪುನರ್ವಿನ್ಯಾಸಗೊಳಿಸಿದಾಗಲೂ ಡೆಲ್ ಮಾತ್ರ ಉಳಿಯಿತು. ಆಧುನಿಕ ವಿನ್ಯಾಸಕಾರರ ನಿಯಮಗಳ ಪ್ರಕಾರ ಕಾಣದ ಗುರಿ ದೋಷ. ಗ್ರಾಹಕರ ನೆನಪಿನ ಪ್ರಕಾರ ಅದೇ ಗುಣ.

ಹೆಸರಿನ ವಿಷಯಕ್ಕೆ ನಾವು ಸ್ಕಾಟ್ಲೆಂಡಿನಿಂದ ಕಲಿಯಬೇಕಾದುದು ಏನೂ ಇಲ್ಲ. ಎಂಟು ಅಡಿ ಎತ್ತರದ ಏಕಶಿಲಾ ವಿಗ್ರಹಕ್ಕೆ 'ಸಾಸಿವೆಕಾಳು ಗಣೇಶ' ಎಂದೂ ಅದಕ್ಕಿಂತ ಸುಮಾರು ಇಮ್ಮಡಿಯದಕ್ಕೆ 'ಕಡಲೆಕಾಳು ಗಣೇಶ' ಎಂದೂ ಕರೆದ ನಾಡು ನಮ್ಮದು. ಒಂದಕ್ಕೊಂದು ಆತುಕೊಂಡ ಎರಡು ಹೆಬ್ಬಂಡೆಗಳು ನಮಗೆ ಅಕ್ಕ-ತಂಗಿ ಗುಡ್ಡ. ಒಮ್ಮೆ ಕೇಳಿದವನು ಮರೆಯಲಾರ. ಆದರೆ ಹೊಸ ರೆಸಾರ್ಟುಗಳು ತಮ್ಮ ಕೋಣೆಗಳಿಗೂ ತೋಟಗಳಿಗೂ ಇಡುವ ಪರದೇಶದ ಹೆಸರುಗಳನ್ನು ನೋಡಿದರೆ ಈ ಸಂಪತ್ತು ನಮ್ಮದೆಂಬ ಅರಿವೇ ಇದ್ದಂತೆ ಕಾಣುವುದಿಲ್ಲ.

ನೀರಿನ ಲೆಕ್ಕ

ಇನ್ನು ಹೂಡಿಕೆಯ ಮಾತು. ಪೂರ್ಣ ಪ್ರಮಾಣದ ಹದಿನೆಂಟು ಹೋಲ್ ಅಂಗಣಕ್ಕೆ ಸಾಧಾರಣವಾಗಿ 120ರಿಂದ 150 ಎಕರೆ ಬೇಕೆಂದು ಹೇಳಲಾಗುತ್ತದೆ. ಅದರಲ್ಲಿ 80 ಎಕರೆಗೆ ನೀರುಣಿಸಬೇಕೆಂದು ಇಟ್ಟುಕೊಳ್ಳೋಣ. ನಮ್ಮ ಬೇಸಗೆಯಲ್ಲಿ ಹುಲ್ಲು ಹಸಿರಾಗಿರಲು ದಿನಕ್ಕೆ ಕನಿಷ್ಠ 5 ಮಿಲಿಮೀಟರ್ ನೀರು ಎಂದು ಮಿತವಾಗಿಯೇ ಊಹಿಸಿದರೂ ಎಕರೆಗೆ ಸುಮಾರು 20,000 ಲೀಟರ್, ಒಟ್ಟು ದಿನಕ್ಕೆ 16 ಲಕ್ಷ ಲೀಟರ್. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ 320 ಟ್ಯಾಂಕರ್. ಇದನ್ನು ಕೊಡುವವರು ಯಾರು? ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ 133 ಟಿಎಂಸಿ. ಹೂಳು ತುಂಬಿ ಅದು 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರೆಸ್ಟ್‌ಗೇಟ್ ಕೊಚ್ಚಿಹೋದಾಗ ಕಂಪ್ಲಿಯ ಭತ್ತದ ಬೆಳೆಗಾರರೂ ಅಕ್ಕಿ ಗಿರಣಿಗಳವರೂ ಹೇಗೆ ಉಸಿರು ಬಿಗಿಹಿಡಿದು ಕುಳಿತಿದ್ದರೆಂಬುದನ್ನು ನಾವೆಲ್ಲ ಕಂಡಿದ್ದೇವೆ. ಅಂಥ ನೀರನ್ನು ಹುಲ್ಲಿಗೆ ಕೇಳುವ ಯೋಜನೆಗೆ ಬ್ಯಾಂಕಿನವರು ಸಾಲ ಮಂಜೂರು ಮಾಡಿದರೂ ನೆರೆಹೊರೆಯವರ ಸಮ್ಮತಿ ದೊರೆಯಲಾರದು. ದೊರೆಯಬೇಕೆಂದೂ ನನಗೆ ಅನಿಸುವುದಿಲ್ಲ.

ಅದೇ ಒಂಬತ್ತು ಕಿರಿಯ ಹೋಲ್‌ಗಳ ಅಂಗಣವನ್ನು ಪರಿಶೀಲಿಸಿರಿ. ನಡುವಿನ ನೆಲವನ್ನು ಇದ್ದಂತೆಯೇ ಬಿಟ್ಟು ಟೀ ಮತ್ತು ಗ್ರೀನ್‌ಗಳಿಗೆ ಮಾತ್ರ ನೀರು. ಒಂದು ಗ್ರೀನ್ 400 ಚದರ ಮೀಟರ್, ಟೀ 100 ಚದರ ಮೀಟರ್ ಎಂದರೆ ಒಂಬತ್ತಕ್ಕೆ 4,500 ಚದರ ಮೀಟರ್. ಎಂದರೆ ಒಂದು ಎಕರೆಗಿಂತ ತುಸು ಹೆಚ್ಚು. ದಿನಕ್ಕೆ 22,500 ಲೀಟರ್, ನಾಲ್ಕೈದು ಟ್ಯಾಂಕರ್. ಮಧ್ಯಮ ಗಾತ್ರದ ಹೋಟೆಲಿನ ಸ್ನಾನದ ಮನೆಗಳ ಬಳಕೆನೀರನ್ನು ಶುದ್ಧೀಕರಿಸಿದರೆ ಇಷ್ಟು ದೊರೆಯುತ್ತದೆ. ಕೆಲವು ಗ್ರೀನ್‌ಗಳನ್ನು ಮರಳಿನ ಬ್ರೌನ್ ಮಾಡಿದರೆ ಅದೂ ಬೇಡ. ಭೂಮಿಯೂ 15ರಿಂದ 20 ಎಕರೆ ಸಾಕು. ಅಮೆರಿಕದ ಪೈನ್‌ಹರ್ಸ್ಟ್‌ನಲ್ಲಿ 2017ರಲ್ಲಿ ತೆರೆದ 'ಕ್ರೇಡಲ್' ಎಂಬ ಒಂಬತ್ತು ಹೋಲ್‌ಗಳ ಕಿರು ಅಂಗಣ ಸುಮಾರು ಹತ್ತು ಎಕರೆಯಲ್ಲಿದ್ದು, ಒಂಬತ್ತೂ ಸೇರಿ 789 ಗಜ ಮಾತ್ರ. ಹದಿನೆಂಟು ಹೋಲ್ ಆಡಲು ನಾಲ್ಕು ತಾಸು ಬೇಕು. ಕಿರು ಅಂಗಣಕ್ಕೆ ಒಂದೂವರೆ ತಾಸು ಧಾರಾಳ. ಎರಡು ಕೋಲು ಬಾಡಿಗೆಗೆ ಕೊಟ್ಟರೆ ಹಿಂದೆಂದೂ ಆಡದವನೂ ಮಕ್ಕಳೊಡನೆ ಆಡಬಲ್ಲ. ಬೆಳಿಗ್ಗೆ ವಿಠ್ಠಲ ದೇವಾಲಯ ನೋಡಿ ಬಂದವನಿಗೆ ಸಂಜೆಯ ತಂಪಿನಲ್ಲಿ ಇರುವ ಬಿಡುವು ಅಷ್ಟೇ.

ಲೆಕ್ಕಪತ್ರದ ದೃಷ್ಟಿಯಿಂದ ಒಂದು ಎಚ್ಚರಿಕೆ. ಭೂಮಿಗೆ ಸವಕಳಿ ಇಲ್ಲ. ಗುಡ್ಡ ಕಡಿದು, ಮಣ್ಣು ಹೊತ್ತು, ನೆಲದ ಆಕಾರ ಬದಲಿಸಲು ಮಾಡಿದ ವೆಚ್ಚವೂ ಬಹುಪಾಲು ಭೂಮಿಯ ಲೆಕ್ಕಕ್ಕೇ ಸೇರುವ ಸಂಭವವಿದ್ದು, ಅದರ ಮೇಲೆ ಸವಕಳಿ ಕೇಳಿದರೆ ತಕರಾರು ಬರಬಹುದು. ಹುಲ್ಲು ಕತ್ತರಿಸುವ ಯಂತ್ರ, ಪಂಪು, ಕೊಳವೆಗಳಿಗೆ ಸವಕಳಿ ದೊರೆಯುತ್ತದೆ. ಆದುದರಿಂದ ನೆಲ ಇದ್ದಂತೆ ಆಡುವ ಲಿಂಕ್ಸ್ ಪದ್ಧತಿ ತೆರಿಗೆಯ ದೃಷ್ಟಿಯಿಂದಲೂ ವಿವೇಕದ್ದು. ಕೃಷಿ ಜಮೀನಾದರೆ ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೆಯ ಪ್ರಕರಣದಡಿ ಭೂಪರಿವರ್ತನೆ ಆಗಲೇಬೇಕು. ಸದಸ್ಯರ ಕ್ಲಬ್ ರಚಿಸಿದರೆ ಪರಸ್ಪರತೆಯ ತತ್ತ್ವದ ಮೇಲೆ ತೆರಿಗೆಯೇ ಇಲ್ಲವೆಂದು ಭಾವಿಸುವವರು ಬಹಳ. ಸದಸ್ಯ ಬ್ಯಾಂಕುಗಳಲ್ಲಿಟ್ಟ ಠೇವಣಿಯ ಬಡ್ಡಿಗೆ ಆ ತತ್ತ್ವ ಅನ್ವಯಿಸದೆಂದು ಬೆಂಗಳೂರು ಕ್ಲಬ್ಬಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2013ರಲ್ಲಿಯೇ ತೀರ್ಪಿತ್ತಿದೆ. ಹೊರಗಿನ ಪ್ರವಾಸಿ ಕೊಡುವ ಶುಲ್ಕವಂತೂ ಶುದ್ಧ ವ್ಯಾಪಾರದ ಆದಾಯ. ನಮಗೆ ಬೇಕಾದುದು ಆ ಪ್ರವಾಸಿಯೇ ಆದುದರಿಂದ ಕ್ಲಬ್ಬಿನ ಕನಸು ಬಿಡುವುದು ಲೇಸು.

ಜಾಗ ಎಲ್ಲಿ?

ಹಂಪಿಯ 41.8 ಚದರ ಕಿಲೋಮೀಟರ್ ಪರಂಪರೆಯ ಮುಖ್ಯ ವಲಯದಲ್ಲಿ ಈ ಮಾತನ್ನೇ ಎತ್ತಕೂಡದು. ಅಡಿಗಡಿಗೂ ಅವಶೇಷವಿರುವ ನೆಲ ಅದು. 1999ರಿಂದ 2006ರವರೆಗೆ ಹಂಪಿ ಅಪಾಯದಲ್ಲಿರುವ ಪರಂಪರೆಯ ತಾಣಗಳ ಪಟ್ಟಿಯಲ್ಲಿದ್ದುದನ್ನು ಮರೆಯಲಾಗದು. ಕಂಪ್ಲಿಯ ಕಡೆ ಕಾಲುವೆ ನೀರಿನ ಭತ್ತ, ಕಬ್ಬಿನ ಭೂಮಿ. ಅದನ್ನು ಮುಟ್ಟುವುದು ಅನ್ಯಾಯ. ಸಂಡೂರಿನ ಬೆಟ್ಟಗಳಲ್ಲಿ ಬಹುಭಾಗ ಅರಣ್ಯ, 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಸೇರಿದ್ದು. ಉಳಿಯುವುದು ಊರುಗಳ ಹೊರಗಿನ ಕಲ್ಲು ಕುರುಚಲಿನ ಒಣ ಖಾಸಗಿ ಜಮೀನು. ಬೇಸಾಯಕ್ಕೆ ಬಾರದ್ದು, ಸ್ಕಾಟ್ಲೆಂಡಿನ ಲಿಂಕ್ಸ್‌ನಂತೆಯೇ. ಅಮೆರಿಕದ ಫ್ಲಾರಿಡಾದಲ್ಲಿ ಫಾಸ್ಫೇಟ್ ಗಣಿಯ ಹಳೆಯ ಭೂಮಿಯ ಮೇಲೆ 'ಸ್ಟ್ರೀಮ್‌ಸಾಂಗ್' ಅಂಗಣ ಎದ್ದ ಸಂಗತಿಯನ್ನು ಮುಂದಿಟ್ಟು ನಮ್ಮ ಅದಿರಿನ ಗುಡ್ಡೆಗಳ ಮೇಲೂ ಹಾಗೆ ಮಾಡಬಹುದಲ್ಲವೇ ಎಂದು ಕೆಲವರು ಕೇಳಬಹುದು. ಅಲ್ಲಿ ಉಳಿದದ್ದು ನೀರು ಇಂಗುವ ಮರಳು. ನಮ್ಮಲ್ಲಿ ಉಳಿದಿರುವುದು ಮಳೆಗೆ ಜಾರುವ ಕೆಂಪು ಮಣ್ಣು. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ.

ಬಂಡೆಗಳ ವಿಷಯದಲ್ಲಿ ನಮಗೆ ಬಡತನವಿಲ್ಲ. ಡೆಲ್‌ನ ಮರಳುದಿಬ್ಬ ಮಾಡುವ ಕೆಲಸವನ್ನು ಇಲ್ಲಿ ಒಂದು ಹೆಬ್ಬಂಡೆ ಮಾಡಬಲ್ಲದು. ಅದರ ನೆತ್ತಿಯಲ್ಲಿ ಸುಣ್ಣ ಬಳಿದ ಕಲ್ಲೊಂದು ಸಾಕು. ಗಾಳಿಗೆ ಆಷಾಢವಿದೆ. ಕುಳಿಯ ಬಾವುಟಕ್ಕೆ ಸಂಡೂರಿನ ಲಂಬಾಣಿ ಕಸೂತಿಗಿಂತ ದೂರದಿಂದ ಎದ್ದು ಕಾಣುವ ಬಟ್ಟೆ ಬೇರೆಲ್ಲಿ ಸಿಗಬೇಕು?

ಆಸಕ್ತಿಯುಳ್ಳವರು ಯೋಜನಾ ವರದಿ ಬರೆಸುವ ಮುನ್ನ ಒಂದು ಕೆಲಸ ಮಾಡಬಹುದು. ಜಮೀನು ಗುತ್ತಿಗೆಗೆ ಪಡೆಯುವ ಮಾತಿದ್ದರೆ, ಕರಾರಿಗೆ ಸಹಿ ಹಾಕುವ ಮೊದಲು ಆಷಾಢದ ಒಂದು ದಿನ ಮತ್ತು ಕಾರ್ತಿಕದ ಒಂದು ದಿನ ಆ ನೆಲದ ಮೇಲೆ ನಡೆಯಿರಿ. ಜೊತೆಗೆ ಆಟ ಬಲ್ಲ ಒಬ್ಬರು, ಆಟವೇ ತಿಳಿಯದ ಇಬ್ಬರು ಇರಲಿ. ನೂರರಿಂದ ನೂರೈವತ್ತು ಗಜದ ಅಂತರದಲ್ಲಿ ನಿಂತು ನೋಡಿದಾಗ ಕಣ್ಣಿಗೆ ತಾನಾಗಿ ಗುರಿಯೊಂದು ಕಾಣುವ ಜಾಗಗಳಿಗೆ ಗಳ ನೆಡಿರಿ. ಅಂಥವು ಒಂಬತ್ತು ಸಿಕ್ಕಿ, ಅವು ನಾಲ್ಕೂ ದಿಕ್ಕಿಗೆ ಹಂಚಿಕೊಂಡಿದ್ದರೆ ಮಾತ್ರ ಸರ್ವೆಯವರನ್ನು ಕರೆಸಿರಿ. ಈವರೆಗಿನ ಒಟ್ಟು ವೆಚ್ಚ ಒಂಬತ್ತು ಬಿದಿರು ಗಳ, ಎರಡು ದಿನದ ಜೀಪು ಬಾಡಿಗೆ ಮತ್ತು ನಾಲ್ವರ ಊಟ.